ಒಂದು ಶುಕ್ರವಾರದ ಬೆಲೆ

ವಿರಾಮವೆಂದರೆ ಕೆಲಸವಿಲ್ಲದಿರುವುದು ಎಂದಷ್ಟೇ ತಿಳಿಯುವವರು ಲೋಕದಲ್ಲಿ ಬಹುಮಂದಿ ಉಂಟು. ಅವರ ಲೆಕ್ಕದಲ್ಲಿ ದಿನವೆಂದರೆ ಇಷ್ಟು ಗಂಟೆ, ಗಂಟೆಯೆಂದರೆ ಇಷ್ಟು ಕೂಲಿ. ಆದಕಾರಣ ರಜೆಯ ದಿನವೊಂದನ್ನು ತೆಗೆದುಕೊಂಡು ಅದರ ಕೂಲಿಯನ್ನು ಕೈಯಲ್ಲಿಟ್ಟರೆ ಋಣವು ತೀರಿತೆಂದು ಅವರು ಭಾವಿಸುವರು. ಈ ಲೆಕ್ಕವು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಯೂರೋಪಿನ ಉತ್ತರಭಾಗದ ಒಂದು ಸಣ್ಣ ರಾಜ್ಯವು 2023ನೆಯ ಇಸವಿಯಲ್ಲಿ ಪರೀಕ್ಷಿಸಿ ನೋಡಿತು. ಆ ರಾಜ್ಯವು ಡೆನ್ಮಾರ್ಕು. ಪರೀಕ್ಷೆಗೆ ಗುರಿಯಾದದ್ದು ವಸಂತಋತುವಿನ ಒಂದು ಶುಕ್ರವಾರ.

ಡೆನ್ಮಾರ್ಕಿನ ಜನಸಂಖ್ಯೆ ಸುಮಾರು ಅರುವತ್ತು ಲಕ್ಷ. 1536ರಲ್ಲಿ ಆ ದೇಶವು ರೋಮಿನ ಪೋಪನ ಅಧಿಕಾರವನ್ನು ತೊರೆದು ಲೂಥರನ ಮತವನ್ನು ಅವಲಂಬಿಸಿತು. ಮತವು ಬದಲಾದರೂ ಪರ್ವದಿನಗಳು ಒಮ್ಮೆಗೇ ಅಳಿಯಲಿಲ್ಲ. 2023ರವರೆಗೆ ಅಲ್ಲಿ ಸಾರ್ವಜನಿಕವಾದ ರಜೆಗಳು ಹನ್ನೊಂದಿದ್ದವು. ಅವುಗಳಲ್ಲಿ ಹೊಸ ವರ್ಷದ ಮೊದಲನೆಯ ದಿನವೂ ಕ್ರಿಸ್ಮಸ್ಸಿನ ಎರಡು ದಿನಗಳೂ ಸೌರಮಾನದಂತೆ ಸ್ಥಿರವಾದವು. ಉಳಿದ ಎಂಟೂ ಈಸ್ಟರ್ ಹಬ್ಬದ ಕೈಹಿಡಿದು ನಡೆಯುವಂಥವು: ಹಬ್ಬಕ್ಕೆ ಮುಂಚಿನ ಗುರುವಾರ ಮತ್ತು ಶುಕ್ರವಾರ, ಹಬ್ಬದ ಭಾನುವಾರ, ಮರುದಿನದ ಸೋಮವಾರ, ಆಮೇಲೆ ಕ್ರಿಸ್ತನ ಸ್ವರ್ಗಾರೋಹಣದ ಗುರುವಾರ, ಏಳು ವಾರಗಳು ಕಳೆದ ಮೇಲೆ ಬರುವ ಪೆಂಟೆಕೋಸ್ಟಿನ ಭಾನುವಾರ ಮತ್ತು ಸೋಮವಾರ, ಇವುಗಳ ನಡುವೆ ಈ ಕಥೆಗೆ ವಿಷಯವಾದ ಶುಕ್ರವಾರ. ಈಸ್ಟರ್ ಹಬ್ಬವಾದರೋ ವಸಂತವಿಷುವವನ್ನು ಮಾರ್ಚಿ 21ಕ್ಕೆ ನಿಲ್ಲಿಸಿ, ಅದರ ಮೇಲಣ ಹುಣ್ಣಿಮೆಯನ್ನು ಗುಣಿಸಿ, ಆ ಹುಣ್ಣಿಮೆಯ ಮುಂದಿನ ಭಾನುವಾರದಲ್ಲಿ ಆಚರಿಸತಕ್ಕದ್ದು. ಸೂರ್ಯ, ಚಂದ್ರ, ವಾರ ಈ ಮೂರನ್ನೂ ಒಂದುಗೂಡಿಸುವ ಇಂಥ ಗಣಿತವು ಪಂಚಾಂಗವನ್ನು ಬಲ್ಲವರಿಗೆ ಅಪರಿಚಿತವಾಗಿ ತೋರದು.

ಜೂನ್ 5ನೆಯ ದಿನವು ಈ ಹನ್ನೊಂದರಲ್ಲಿ ಸೇರಿಲ್ಲವೆಂಬುದು ಗಮನಿಸತಕ್ಕ ಸಂಗತಿ. 1849ರಲ್ಲಿ ಡೇನರ ಮೊದಲನೆಯ ರಾಜ್ಯಾಂಗಶಾಸನಕ್ಕೆ ಅರಸನ ಅಂಕಿತವಾದದ್ದು ಆ ದಿನ; 1953ರ ಶಾಸನಕ್ಕೂ ಆ ದಿನವನ್ನೇ ಆರಿಸಿಕೊಂಡರು. ಅಂದು ಅಂಗಡಿಗಳು ಮುಚ್ಚಿರಬೇಕೆಂದು ಕಾನೂನಿದೆ. ಅನೇಕರಿಗೆ ಪೂರ್ಣವಾಗಿಯೋ ಅರ್ಧವಾಗಿಯೋ ಬಿಡುವೂ ದೊರೆಯುವುದು. ಆದರೆ ಪವಿತ್ರದಿನಗಳ ಪಂಕ್ತಿಯಲ್ಲಿ ಅದಕ್ಕೆ ಎಡೆಯಿಲ್ಲ. ಆ ಪಂಕ್ತಿಯು ದೇವಾಲಯವು ಹಾಕಿದ್ದು. ರಾಜ್ಯವು ಅದನ್ನು ಅನುಮೋದಿಸಿಕೊಂಡು ಬಂದಿತು.

ಇನ್ನು ಆ ಶುಕ್ರವಾರದ ವೃತ್ತಾಂತ. ಡೇನರ ಭಾಷೆಯಲ್ಲಿ ಅದರ ಹೆಸರು ‘ಸ್ಟೋರೆ ಬೆಡೆಡಾಗ್’, ಎಂದರೆ ಮಹಾಪ್ರಾರ್ಥನಾದಿನ. ಐದನೆಯ ಕ್ರಿಶ್ಚಿಯನ್ ದೊರೆಯ ಕಾಲದಲ್ಲಿ, 1686ರಲ್ಲಿ, ಸೀಲೆಂಡಿನ ಬಿಷಪ್ಪನಾಗಿದ್ದ ಹಾನ್ಸ್ ಬಾಗರ್ ಎಂಬಾತನ ಯತ್ನದಿಂದ ಅದು ಶಾಸನಬದ್ಧವಾಯಿತು. ವರ್ಷದಲ್ಲಿ ಅಲ್ಲಲ್ಲಿ ಚದರಿದ್ದ ಪಶ್ಚಾತ್ತಾಪದ ಮತ್ತು ಉಪವಾಸದ ಸಣ್ಣ ದಿನಗಳನ್ನು ಒಂದೆಡೆಗೆ ತಂದು, ಈಸ್ಟರಿನ ಅನಂತರದ ನಾಲ್ಕನೆಯ ಶುಕ್ರವಾರದಲ್ಲಿ ನೆಲೆಗೊಳಿಸಿದರು. ಹಿಂದಿನ ಸಂಜೆ ಘಂಟಾನಾದವಾದೊಡನೆ ಅಂಗಡಿಗಳೂ ಪಾನಗೃಹಗಳೂ ಮುಚ್ಚಬೇಕು; ಮರುದಿನ ಜನರು ಮತ್ತಿಲ್ಲದ ಮನಸ್ಸಿನಿಂದ ದೇವಾಲಯಕ್ಕೆ ಬರಬೇಕು; ಪೂಜೆ ಮುಗಿಯುವವರೆಗೆ ದುಡಿಮೆ, ವ್ಯಾಪಾರ, ಪ್ರಯಾಣ, ಆಟ ಯಾವುದೂ ಕೂಡದು. ಹೀಗೆ ಹಲವನ್ನು ಒಂದಾಗಿ ಕುಗ್ಗಿಸಿದುದರ ಫಲವೇ ಈ ದಿನವೆಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಹುಟ್ಟಿನಲ್ಲಿಯೇ ಕಡಿತವನ್ನು ಕಂಡ ದಿನವು ಕೊನೆಗೆ ಕಡಿತಕ್ಕೇ ಆಹುತಿಯಾಯಿತು.

ಆದರೆ ಮೊದಲನೆಯ ಗಂಡಾಂತರದಿಂದ ಅದು ಪಾರಾಗಿತ್ತು. ಏಳನೆಯ ಕ್ರಿಶ್ಚಿಯನ್ ದೊರೆಯ ವೈದ್ಯನಾಗಿ ಬಂದು, ದೊರೆಯ ಚಿತ್ತವಿಕಾರದ ದೆಸೆಯಿಂದ ರಾಜ್ಯಭಾರವನ್ನೇ ಕೈಗೆ ತೆಗೆದುಕೊಂಡ ಸ್ಟ್ರುಯೆನ್ಸೆ ಎಂಬಾತನು ಪ್ರಬಲನಾಗುತ್ತಿದ್ದ ಕಾಲದಲ್ಲಿ, 1770ರಲ್ಲಿ, ಅನೇಕ ರಜೆಗಳು ಒಂದೇ ಆಜ್ಞೆಯಿಂದ ರದ್ದಾದುವು. ಕ್ರಿಸ್ಮಸ್, ಈಸ್ಟರ್, ಪೆಂಟೆಕೋಸ್ಟುಗಳಿಗಿದ್ದ ಮೂರನೆಯ ದಿನಗಳು ಹೋದುವು. ಸಂತ ಯೋಹಾನನ ದಿನವೂ ಹೋಯಿತು. 1772ರಲ್ಲಿ ಆ ವೈದ್ಯನಿಗೆ ಶಿರಚ್ಛೇದವಾಯಿತು. ಅವನು ಮಾಡಿದ ಕಟ್ಟಳೆಗಳಲ್ಲಿ ಎಷ್ಟೋ ಅವನೊಡನೆ ಮಣ್ಣುಗೂಡಿದುವು. ಹೋದ ಹಬ್ಬಗಳು ಮಾತ್ರ ಹಿಂದಿರುಗಲಿಲ್ಲ. ಸಾರ್ವಜನಿಕ ವಿರಾಮವನ್ನು ಕಳೆಯುವುದು ಒಂದು ಸಹಿಯ ಕೆಲಸ, ಗಳಿಸುವುದು ತಲೆಮಾರುಗಳ ಕೆಲಸವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಕಿಲ್ಲ.

ಉಳಿದ ಮಹಾಪ್ರಾರ್ಥನಾದಿನವನ್ನು ಜನರು ಮೆಲ್ಲನೆ ತಮ್ಮದನ್ನಾಗಿ ಮಾಡಿಕೊಂಡರು. ಅಂದು ರೊಟ್ಟಿ ಸುಡುವವರಿಗೂ ಕೆಲಸವು ನಿಷಿದ್ಧವಾಗಿದ್ದುದರಿಂದ, ಅವರು ಹಿಂದಿನ ದಿನವೇ ಗೋಧಿಯ ಚೌಕನಾದ ಸಣ್ಣ ಬನ್ನುಗಳನ್ನು ಸುಟ್ಟು ಮಾರುತ್ತಿದ್ದರು. ಗೃಹಿಣಿಯರು ಅವನ್ನು ಮರುದಿನ ಬಿಸಿಮಾಡಿ ಬಡಿಸಬೇಕೆಂಬುದು ಉದ್ದೇಶ. ಗೋಧಿಯಿಂದಾದವು ಎಂಬರ್ಥದಲ್ಲಿ ಅವುಗಳಿಗೆ ‘ವೇದರ್’ ಎಂದು ಹೆಸರು. ಏಲಕ್ಕಿಯ ಪರಿಮಳವು ಅವುಗಳ ಲಕ್ಷಣ. ಆದರೆ ಒಲೆಯಿಂದ ಆಗತಾನೆ ಇಳಿದ ಬನ್ನು ಮನೆಯಲ್ಲಿರುವಾಗ ಬೆಳಗಾಗುವವರೆಗೆ ಕಾಯುವ ತಾಳ್ಮೆ ಯಾವ ದೇಶದ ಮಕ್ಕಳಿಗೆ ತಾನೆ ಇದ್ದೀತು? ಗುರುವಾರದ ಸಂಜೆಯೇ ಬೆಣ್ಣೆ ಸವರಿ ತಿನ್ನುವುದು ವಾಡಿಕೆಯಾಯಿತು. ಕೋಪನ್‌ಹೇಗನ್ ಪಟ್ಟಣದವರು ಆ ಸಂಜೆ ಘಂಟೆಗಳ ನಾದವನ್ನು ಕೇಳುತ್ತ ಕೋಟೆಯ ದಿಣ್ಣೆಯ ಮೇಲೆ ಕುಟುಂಬಸಹಿತರಾಗಿ ತಿರುಗಾಡುತ್ತಿದ್ದರು. ಕೋಟೆಯು ಹೋದ ಮೇಲೆ ತಿರುಗಾಟವು ಲಾಂಗೆಲಿನಿಯೆ ಎಂಬ ಸಮುದ್ರತೀರಕ್ಕೆ ಸರಿಯಿತು. ಹದಿನಾಲ್ಕು ಹದಿನೈದರ ಪ್ರಾಯದ ಮಕ್ಕಳು ತಮ್ಮ ದೀಕ್ಷೆಯನ್ನು ತಾವೇ ದೃಢಪಡಿಸುವ ಸಂಸ್ಕಾರಕ್ಕೂ ಎಷ್ಟೋ ಊರುಗಳಲ್ಲಿ ಆ ಶುಕ್ರವಾರವೇ ಪ್ರಶಸ್ತವಾಯಿತು. ಉಪವಾಸಕ್ಕಾಗಿ ಏರ್ಪಟ್ಟ ದಿನವು ಭಕ್ಷ್ಯದಿಂದ ಪ್ರಸಿದ್ಧವಾಯಿತೆಂದು ನಗುವವರು ನಗಬಹುದು. ಆದರೆ ಆ ಭಕ್ಷ್ಯವು ಹುಟ್ಟಿದುದು ರೊಟ್ಟಿ ಸುಡುವವನಿಗೂ ಒಂದು ದಿನದ ವಿಶ್ರಾಂತಿಯುಂಟೆಂಬ ಕಟ್ಟಳೆಯಿಂದ. ಉಣ್ಣುವವನ ಬಿಡುವು ಉಣಿಸುವವನನ್ನೂ ಮುಟ್ಟಿದ್ದುದರ ಗುರುತು ಅದು.

ಕಾಲವು ಮುಂದುವರಿದಂತೆ ಪ್ರಾರ್ಥನೆಗೆ ಹೋಗುವವರು ವಿರಳರಾದರು. 2022ರ ಫೆಬ್ರವರಿಯಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋಗಲು, ಯೂರೋಪಿನ ಎಲ್ಲ ದೇಶಗಳಲ್ಲಿಯೂ ಸೈನ್ಯದ ವೆಚ್ಚದ ಚಿಂತೆಯು ತಲೆದೋರಿತು. ಆ ವರ್ಷದ ಡಿಸೆಂಬರಿನಲ್ಲಿ ಮೂರು ಪಕ್ಷಗಳನ್ನು ಸೇರಿಸಿ ಮಂತ್ರಿಮಂಡಲವನ್ನು ರಚಿಸಿದ ಪ್ರಧಾನಿ ಮೆಟ್ಟೆ ಫ್ರೆಡೆರಿಕ್ಸನ್ ಅವರು, ರಾಷ್ಟ್ರೀಯ ಉತ್ಪನ್ನದ ನೂರಕ್ಕೆ ಎರಡು ಪಾಲನ್ನು ರಕ್ಷಣೆಗೆ ಮೀಸಲಿಡುವ ಗುರಿಯನ್ನು 2033ರ ಬದಲು 2030ಕ್ಕೇ ಮುಟ್ಟಬೇಕೆಂದೂ, ಅದಕ್ಕಾಗಿ ಮಹಾಪ್ರಾರ್ಥನಾದಿನವನ್ನು ಕೆಲಸದ ದಿನವನ್ನಾಗಿ ಮಾಡತಕ್ಕದ್ದೆಂದೂ ಸಾರಿದರು. ಅದರಿಂದ ಬೊಕ್ಕಸಕ್ಕೆ ವರ್ಷಕ್ಕೆ ಸುಮಾರು 300 ಕೋಟಿ ಕ್ರೋನರ್ ಬರುವುದೆಂದು ಅಂದಾಜು. ಮಾಸಿಕ ವೇತನದವರಿಗೆ ಪರಿಹಾರವಾಗಿ ವಾರ್ಷಿಕ ವೇತನದ ಶೇಕಡ 0.45ರಷ್ಟು ಹೆಚ್ಚು ಕೊಡುವುದೆಂದೂ ಗೊತ್ತಾಯಿತು. ವರ್ಷದ ಕೆಲಸದ ದಿನಗಳು ಇನ್ನೂರಿಪ್ಪತ್ತೆರಡೆಂದು ಹಿಡಿದರೆ ಒಂದು ದಿನದ ಪಾಲು ಸರಿಯಾಗಿ ಅಷ್ಟೇ ಆಗುವುದು. ಗಣಿತದಲ್ಲಿ ದೋಷವಿರಲಿಲ್ಲ.

ಆದರೂ ಜನರು ಒಪ್ಪಲಿಲ್ಲ. ಕೂಲಿಯನ್ನೂ ಬಿಡುವನ್ನೂ ಕಾರ್ಮಿಕ ಸಂಘಗಳು ಯಜಮಾನರೊಡನೆ ಕುಳಿತು ಗೊತ್ತುಮಾಡಿಕೊಳ್ಳುವುದು ಆ ದೇಶದ ಬಹುಕಾಲದ ಪದ್ಧತಿ. ಅದರಲ್ಲಿ ಸರ್ಕಾರವು ಕೈಹಾಕಿತೆಂದು ಸಂಘಗಳು ದೂರಿದುವು. ಒಂದು ದಿನ ಹೆಚ್ಚಾದರೆ ಜನರು ಬೇರೆಡೆಯಲ್ಲಿ ಕೆಲಸವನ್ನು ಕಡಮೆ ಮಾಡಿಕೊಳ್ಳರೇ ಎಂದು ಅರ್ಥಶಾಸ್ತ್ರಜ್ಞರಲ್ಲಿ ಹಲವರು ಶಂಕಿಸಿದರು. ಧರ್ಮಾಧಿಕಾರಿಗಳೂ ಅಸಮಾಧಾನಗೊಂಡರು. 2023ರ ಫೆಬ್ರವರಿ 5ರಂದು ರಾಜಧಾನಿಯಲ್ಲಿ, ಸಂಘಟಕರ ಎಣಿಕೆಯಂತೆ, ಐವತ್ತು ಸಾವಿರ ಜನರು ನೆರೆದರು. ಅವರಲ್ಲಿ ಎಷ್ಟೋ ಮಂದಿ ಆ ಶುಕ್ರವಾರ ದೇವಾಲಯದ ಹೊಸ್ತಿಲನ್ನು ತುಳಿಯುವವರಲ್ಲ. ಹಾಗಿದ್ದೂ ಬಂದರು. ಫೆಬ್ರವರಿ 28ರಂದು 68ರ ವಿರುದ್ಧ 95 ಮತಗಳಿಂದ ಮಸೂದೆಯು ಅಂಗೀಕೃತವಾಯಿತು. ಆ ವರ್ಷದ ಮೇ 5ರ ಶುಕ್ರವಾರವು ಕೊನೆಯ ರಜೆ; 1686ರಿಂದ ಎಣಿಸಿದರೆ ಮುನ್ನೂರ ಮೂವತ್ತೇಳು ವರ್ಷ.

ಸರ್ಕಾರದ ಪಕ್ಷವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ನೆರೆಯಲ್ಲಿ ಬೆಂಕಿ ಬಿದ್ದಾಗ ನೀರು ಹೊರುವುದಕ್ಕೆ ಹಬ್ಬವೆಂದು ಹಿಂಜರಿಯುವ ಮನೆಯವನು ವಿವೇಕಿಯಲ್ಲ. ದೇಶದ ರಕ್ಷಣೆಯೂ ಎಲ್ಲರಿಗೂ ಸೇರಿದ ಸೊತ್ತೇ. ಆದರೆ ಎಲ್ಲರ ಸೊತ್ತನ್ನು ಕಾಯುವುದಕ್ಕೆ ಎಲ್ಲರ ಸೊತ್ತಾದ ಇನ್ನೊಂದನ್ನು ಮಾರಿದಾಗ, ಮಾರಿದುದು ಯಾವುದೆಂಬ ಅರಿವಾದರೂ ಇರಬೇಕು. ಡೇನರಿಗೆ ವರ್ಷಕ್ಕೆ ಐದು ವಾರಗಳ ಸ್ವಂತ ರಜೆಯು ಕಾನೂನಿನಿಂದಲೇ ಉಂಟು. ಬಿಡುವಿನ ಗಂಟೆಗಳಿಗೆ ಅವರಲ್ಲಿ ಬರವಿಲ್ಲ. ಸ್ವಂತ ರಜೆಯಲ್ಲಿ ಒಬ್ಬನು ಮನೆಯಲ್ಲಿದ್ದರೆ ಅವನ ಅಣ್ಣನು ಕಚೇರಿಯಲ್ಲಿರುವನು, ಮಗಳು ಶಾಲೆಯಲ್ಲಿರುವಳು, ನೆರೆಯವನು ಅಂಗಡಿಯಲ್ಲಿರುವನು. ಸಾರ್ವಜನಿಕ ರಜೆಯಲ್ಲಿ ನಾಲ್ವರೂ ಒಂದೇ ಮೇಜಿನ ಸುತ್ತ ಕೂಡಬಲ್ಲರು. ಶೇಕಡ 0.45ರ ಹಣವು ಆ ಒಬ್ಬನ ಗಂಟೆಗಳಿಗೆ ಬೆಲೆ ಕಟ್ಟಿತು; ಆ ನಾಲ್ವರ ಕೂಟಕ್ಕೆ ಕಟ್ಟಲಿಲ್ಲ, ಕಟ್ಟುವ ಬಗೆಯೂ ಇರಲಿಲ್ಲ. ಬಿಡಿಬಿಡಿಯಾಗಿ ಯಾರ ಕೈಯಲ್ಲಿಯೂ ಇಲ್ಲದ ವಸ್ತುವಿಗೆ ಬಿಡಿಬಿಡಿಯಾಗಿ ಪರಿಹಾರವನ್ನು ಹಂಚುವುದು ಹೇಗೆ? ದೇವಾಲಯಕ್ಕೆ ಹೋಗದವರೂ ಫೆಬ್ರವರಿಯ ಚಳಿಯಲ್ಲಿ ಬೀದಿಗೆ ಬಂದುದರ ಮರ್ಮವು ಇಲ್ಲಿರುವಂತೆ ತೋರುತ್ತದೆ.

2024ರಲ್ಲಿ ಈಸ್ಟರ್ ಹಬ್ಬವು ಮಾರ್ಚಿ 31ರಂದು ಬಂದಿತು. ನಾಲ್ಕನೆಯ ಶುಕ್ರವಾರವು ಏಪ್ರಿಲ್ 26. ಅಂದು ಡೆನ್ಮಾರ್ಕಿನ ಕಚೇರಿಗಳು ಎಂದಿನಂತೆ ತೆರೆದುವು. ಹಿಂದಿನ ಸಂಜೆ ಏಲಕ್ಕಿಯ ಬನ್ನುಗಳನ್ನು ಮಾತ್ರ ಸುಟ್ಟರು, ಮಾರಿದರು, ಕೊಂಡರು, ಬೆಣ್ಣೆ ಸವರಿ ತಿಂದರು. ಮರುದಿನ ರೊಟ್ಟಿ ಸುಡುವವನು ಬೇಗನೆ ಎದ್ದು ತನ್ನ ಒಲೆಯನ್ನು ಹೊತ್ತಿಸಿದನು.