ಆರು ಜನ, ಒಂದು ಪಿಎಸ್4

ಗೇಮ್ ಆಡೋದು ದುಡ್ಡಿರೋರ ಕೆಲಸ ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಪೂರ್ತಿ ಸುಳ್ಳೇನಲ್ಲ. ಪಿಎಸ್5 ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಹಾಕುವ ಮಾಡೆಲ್‌ಗೆ 49,990 ರೂಪಾಯಿ ಇತ್ತು. ಮುಂದಿನ ವರ್ಷ ನವೆಂಬರ್‌ನಲ್ಲಿ ಅದೇ ಮಷೀನು 54,990 ಆಯಿತು. ಫೋನು ಹಳೆಯದಾದಷ್ಟೂ ಅಗ್ಗ ಆಗುತ್ತೆ, ಇದು ಮಾತ್ರ ಉಲ್ಟಾ. ಅದರ ಮೇಲೆ ಸೋನಿಯ ದೊಡ್ಡ ಗೇಮುಗಳು ಹೊಸದರಲ್ಲಿ ಒಂದೊಂದು 4,999. ನಮ್ಮಮ್ಮ ಒಂದು ಲೈನಿಂಗ್ ಬ್ಲೌಸ್ ಹೊಲಿಯೋದಕ್ಕೆ 350 ತಗೊಳ್ತಾರೆ. ಅಂದ್ರೆ ಒಂದು ಗೇಮಿಗೆ ಹದಿನಾಲ್ಕು ಬ್ಲೌಸು, ಮೇಲೆ ಒಂದು ಸೀರೆಗೆ ಫಾಲ್.

ಹಾಗಿದ್ರೂ ನಾನು ವಾರಕ್ಕೆ ನಾಲ್ಕೈದು ಗಂಟೆ ಆಡ್ತೀನಿ. ಇಲ್ಲಿವರೆಗೆ ನನ್ನ ಕೈಯಿಂದ ಹೋಗಿರೋದು ಹೆಚ್ಚುಕಮ್ಮಿ 3,400 ರೂಪಾಯಿ. ಹೇಗೆ ಅಂತ ಕೇಳೋ ಜೂನಿಯರ್‌ಗಳು ಜಾಸ್ತಿ ಆಗಿದ್ದಾರೆ, ಒಬ್ಬೊಬ್ಬರಿಗೂ ಮೆಸ್ ಕ್ಯೂನಲ್ಲಿ ನಿಂತು ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ.

ಹುಡುಗಿಯರ ಹಾಸ್ಟೆಲ್‌ನಲ್ಲಿ ಊರಿನ ಹೆಸರೇ ನಮ್ಮ ಹೆಸರು. ನಾನು ತಿಪಟೂರು. ಮಿಕ್ಕವರು ಗದಗ, ಶಿರಸಿ, ಹಾಸನ, ಕೋಲಾರ, ಪುತ್ತೂರು. ಫಸ್ಟ್ ಇಯರ್‌ನಲ್ಲಿ ನಾವು ಆರು ಜನ ಸೇರಿ ಒಂದು ಚೀಟಿ ಶುರು ಮಾಡಿದ್ವಿ. ಅಮ್ಮಂದಿರು ಹಾಕೋ ಚೀಟಿಯಲ್ಲಿ ತಿಂಗಳು ತಿಂಗಳು ಕೂಗಿ ಒಬ್ಬರು ಎತ್ಕೋತಾರೆ. ನಮ್ಮದರಲ್ಲಿ ಕೂಗೋದು ಇಲ್ಲ, ಎತ್ತೋದೂ ಇಲ್ಲ. ತಲೆಗೆ 500, ಆರು ತಿಂಗಳು, ಒಟ್ಟು 18,000. ದುಡ್ಡು ಹಾಸನದ ಅಕೌಂಟಿಗೆ. ಯಾಕಂದ್ರೆ ಅವಳೊಬ್ಬಳೇ ತಿಂಗಳ ಕೊನೆಯಲ್ಲಿ ಯಾರ ಹತ್ರನೂ ಸಾಲ ಕೇಳದವಳು. ಶಿರಸಿ ಒಂದು ಲಾಂಗ್ ಬುಕ್‌ನಲ್ಲಿ ನಿಯಮ ಬರೆದಳು. ಅದರಲ್ಲಿ ಒಂದು ಮುಂದೆ ಕೆಲಸಕ್ಕೆ ಬಂತು: ಯಾರಾದ್ರೂ ಬಿಟ್ಟು ಹೋದ್ರೆ, ಆ ದಿನ ಅಂಗಡಿಯವರು ಏನು ಬೆಲೆ ಕೊಡ್ತಾರೋ ಅದರ ಆರನೇ ಒಂದು ಪಾಲು ಅವಳಿಗೆ.

ದುಡ್ಡು ಸೇರಿದ ಮೇಲೆ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ಗೆ ಹೋದ್ವಿ. ಮೆಜೆಸ್ಟಿಕ್‌ನಿಂದ ನಡ್ಕೊಂಡೇ ಹೋಗಬಹುದು. ಮೂರು ಹುಡುಗಿಯರು ಗೇಮ್ ಅಂಗಡಿ ಮುಂದೆ ನಿಂತ್ರೆ ಮೊದಲ ಪ್ರಶ್ನೆ, “ಯಾರಿಗಮ್ಮಾ, ತಮ್ಮನಿಗಾ?” ಕೋಲಾರ, “ನಮಗೇ ಅಣ್ಣಾ, ಪಿಎಸ್4 ಸ್ಲಿಮ್, ಎರಡು ಕಂಟ್ರೋಲರ್, ಏನ್ ಹೇಳ್ತೀರ?” ಅಂದಳು. ಆಮೇಲೆ ತಮ್ಮನ ಸುದ್ದಿ ಬರಲಿಲ್ಲ.

ಹಳೇ ಮಷೀನು ತಗೊಳ್ಳುವಾಗ ನೋಡಬೇಕಾದ್ದು ಬಹಳ ಇಲ್ಲ, ಆದ್ರೆ ಅಂಗಡಿಯಲ್ಲೇ, ಆನ್ ಮಾಡಿಸಿಯೇ ನೋಡಬೇಕು. ನಾವು ಒಂದು ಡಿಸ್ಕ್ ಹಾಕಿಸಿ ಕಾಲು ಗಂಟೆ ಆಡಿದ್ವಿ. ಡಿಸ್ಕ್ ಓದುತ್ತಾ, ಸರಿಯಾಗಿ ಹೊರಗೆ ಬರುತ್ತಾ, ಫ್ಯಾನ್ ವಿಮಾನದ ಥರ ಸದ್ದು ಮಾಡುತ್ತಾ ಅನ್ನೋದು ಅಷ್ಟರಲ್ಲಿ ಗೊತ್ತಾಗುತ್ತೆ. ಕಂಟ್ರೋಲರ್ ಮುಟ್ಟದೇ ಟೇಬಲ್ ಮೇಲೆ ಇಟ್ಟಾಗ ಪಾತ್ರ ತಾನೇ ನಡೆಯೋಕೆ ಶುರು ಮಾಡಿದ್ರೆ ಸ್ಟಿಕ್ ಹೋಗಿದೆ ಅಂತ ಅರ್ಥ. ಎಚ್‌ಡಿಎಂಐ ವೈರನ್ನು ಮೆತ್ತಗೆ ಅಲ್ಲಾಡಿಸಿ ನೋಡಿ, ಚಿತ್ರ ಹೋಗಿ ಬಂದು ಮಾಡಿದ್ರೆ ಬೇಡ. ಫೋನಿನ ಹಾಟ್‌ಸ್ಪಾಟ್ ಕೊಟ್ಟು ನಿಮ್ಮ ಅಕೌಂಟಿನಲ್ಲಿ ಲಾಗಿನ್ ಆಗಿ. ಹಿಂದಿನ ಮಾಲೀಕ ಏನಾದ್ರೂ ಕಿತಾಪತಿ ಮಾಡಿ ಆ ಮಷೀನೇ ಬ್ಯಾನ್ ಆಗಿದ್ರೆ ಅಲ್ಲೇ ಗೊತ್ತಾಗುತ್ತೆ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ. ಅಣ್ಣ 16,500 ಹೇಳಿದ್ದು 14,000ಕ್ಕೆ ಇಳಿದ, ಒಂದು ತಿಂಗಳ ವಾರಂಟಿ ಅಂತ ಕೈಯಲ್ಲೇ ಬರೆದುಕೊಟ್ಟ.

ಟಿವಿ ನಮ್ಮ ಬಜೆಟ್‌ನಲ್ಲಿ ಇರಲಿಲ್ಲ. ಎಸ್‌ಪಿ ರೋಡಿನಲ್ಲಿ ಹಳೇ ಮಾನಿಟರ್ 2,800ಕ್ಕೆ ಸಿಕ್ತು. ಅದರಲ್ಲಿ ಸ್ಪೀಕರ್ ಇಲ್ಲ, ಆದ್ರೆ ಪಿಎಸ್4 ಕಂಟ್ರೋಲರಿಗೇ ಇಯರ್‌ಫೋನ್ ಚುಚ್ಚಬಹುದು. ರಾತ್ರಿ ವಾರ್ಡನ್ ಮೇಡಂ ರೌಂಡ್ಸ್ ಬರೋ ಕಡೆ ಇದೊಂದು ದೊಡ್ಡ ಅನುಕೂಲ. ಎಕ್ಸ್‌ಟೆನ್ಷನ್ ಬೋರ್ಡಿಗೆ 200 ಹೋಯ್ತು. ಮಿಕ್ಕ 1,000ಕ್ಕೆ ಇಟ್ ಟೇಕ್ಸ್ ಟೂ ಹಳೇ ಡಿಸ್ಕ್ ತಂದ್ವಿ. 2021ರ ಗೇಮು, ಒಬ್ಬರೇ ಆಡೋಕೆ ಆಗೋದೇ ಇಲ್ಲ, ಇಬ್ಬರು ಬೇಕೇ ಬೇಕು. ಹಾಸ್ಟೆಲ್‌ಗೆ ಹೇಳಿ ಮಾಡಿಸಿದ್ದು.

ಈಗ ಡಿಸ್ಕಿನ ಲೆಕ್ಕ. ಉಳಿತಾಯ ಪೂರ್ತಿ ಇರೋದು ಇಲ್ಲೇ. ಹಳೇ ಡಿಸ್ಕ್ 1,200ಕ್ಕೆ ತಂದು, ಮುಗಿಸಿ, ಅದೇ ಅಂಗಡಿಗೆ 850ಕ್ಕೆ ವಾಪಸ್ ಕೊಟ್ರೆ ಆ ಗೇಮಿನ ನಿಜವಾದ ಬೆಲೆ 350. ಒಂದು ಬ್ಲೌಸು. ಕಳೆದ ಒಂಬತ್ತು ತಿಂಗಳಲ್ಲಿ ನಾವು ಡಿಸ್ಕಿಗೆ ಕೊಟ್ಟಿದ್ದು 8,400, ಮಾರಿ ಬಂದಿದ್ದು 5,900. ವ್ಯತ್ಯಾಸ 2,500, ತಲೆಗೆ 417. ಕಥೆ ಇರೋ ದೊಡ್ಡ ಗೇಮುಗಳು ಬೆಲೆ ಉಳಿಸಿಕೊಳ್ತವೆ. ವರ್ಷ ವರ್ಷ ಬರೋ ಫುಟ್‌ಬಾಲ್ ಗೇಮುಗಳು ಹೊಸದು ಬಂದ ತಕ್ಷಣ ನೆಲ ಕಚ್ಚುತ್ತವೆ. 2023ರಲ್ಲಿ ಇಎ ಕಂಪನಿಯವರು ಫಿಫಾ ಅನ್ನೋ ಹೆಸರು ಬಿಟ್ಟು ಎಫ್‌ಸಿ ಅಂತ ಇಟ್ಟರಲ್ಲ, ಆಮೇಲೆ ಹಳೇ ಫಿಫಾ ಡಿಸ್ಕ್ ಕೇಳೋರೇ ಇಲ್ಲ. ನಾವು ಒಂದನ್ನ 300ಕ್ಕೆ ತಂದ್ವಿ. ಮೆಸ್ಸಿ ಯಾವ ಟೀಮಲ್ಲಿದ್ರೆ ನಮಗೇನು, ಆಡೋದು ನಾವಲ್ವಾ.

ಇನ್ನೂ ಅಗ್ಗದ ದಾರಿ ಅಂದ್ರೆ ಬದಲಾಯಿಸಿಕೊಳ್ಳೋದು. ಬಾಯ್ಸ್ ಹಾಸ್ಟೆಲ್‌ನವರ ಹತ್ರನೂ ಒಂದು ಪಿಎಸ್4 ಇದೆ. ನಮ್ಮ ಸ್ಪೈಡರ್‌ಮ್ಯಾನ್ ಕೊಟ್ಟು ಅವರ ಅನ್‌ಚಾರ್ಟೆಡ್ 4 ತಂದ್ವಿ, ಕ್ಯಾಂಟೀನಿನಲ್ಲಿ, ಒಂದು ರೂಪಾಯಿ ಇಲ್ಲದೆ.

ಇದೇ ಕೆಲಸ ಡೌನ್‌ಲೋಡ್ ಮಾಡಿಕೊಂಡ ಗೇಮಿನಲ್ಲಿ ಆಗಲ್ಲ. ಅದಕ್ಕೇ ಡಿಸ್ಕ್ ಡ್ರೈವ್ ಇಲ್ಲದ ಮಷೀನು ಅಗ್ಗ ಅಂತ ಕಂಡ್ರೂ ನನಗೆ ಅನುಮಾನ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ 2020ರ ನವೆಂಬರ್‌ನಲ್ಲಿ 34,990ಕ್ಕೆ ಬಂದಾಗ ಆ ಕಾಲದ ಪಿಎಸ್5ಗಿಂತ 15,000 ಕಡಿಮೆ ಇತ್ತು. ಆದ್ರೆ ಅದಕ್ಕೆ ನ್ಯಾಷನಲ್ ಮಾರ್ಕೆಟ್ ಅನ್ನೋದೇ ಇಲ್ಲ. ಮಾರೋ ಹಾಗಿಲ್ಲ, ಕೊಡೋ ಹಾಗಿಲ್ಲ, ಕಂಪನಿ ಹೇಳಿದ ಬೆಲೆಗೇ ಕೊಳ್ಳಬೇಕು. ಕೊಂಡದ್ದು ನಮ್ಮದೇ ಅಂತಲೂ ಇಲ್ಲ. 2024ರ ಅಕ್ಟೋಬರ್‌ನಿಂದ ಸ್ಟೀಮ್‌ನಲ್ಲಿ ದುಡ್ಡು ಕಟ್ಟೋ ಮುಂಚೆ ಸಣ್ಣ ಅಕ್ಷರದಲ್ಲಿ ಬರುತ್ತೆ, ನೀವು ಕೊಳ್ತಿರೋದು ಲೈಸೆನ್ಸ್ ಮಾತ್ರ ಅಂತ. ದಿ ಕ್ರೂ ಅನ್ನೋ ಕಾರ್ ರೇಸಿಂಗ್ ಗೇಮನ್ನ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ಸರ್ವರ್ ಸಮೇತ ನಿಲ್ಲಿಸಿತು. ಅದು ಆನ್‌ಲೈನ್ ಇಲ್ಲದೆ ನಡೆಯದ ಗೇಮು, ಹಾಗಾಗಿ ಪೂರ್ತಿ ದುಡ್ಡು ಕೊಟ್ಟವರಿಗೂ ಅವತ್ತಿಂದ ಆಟ ಇಲ್ಲ, ಡಿಸ್ಕ್ ಇದ್ದವರಿಗೂ ಇಲ್ಲ. ಅದಕ್ಕೇ ಡಿಸ್ಕ್ ಕೊಳ್ಳುವಾಗಲೂ ನೆಟ್ ಇಲ್ಲದೆ ಆಡಬಹುದಾ ಅಂತ ಒಂದು ಸಲ ಕೇಳಿ.

ಇಷ್ಟೆಲ್ಲ ಹೇಳಿದ್ರೂ ನಿಮ್ಮಲ್ಲಿ ಮುಕ್ಕಾಲು ಜನ ಲ್ಯಾಪ್‌ಟಾಪಿನಲ್ಲೇ ಆಡೋರು ಅಂತ ಗೊತ್ತು, ಅಲ್ಲಿ ಡಿಸ್ಕ್ ಇಲ್ಲ. ನಿಮಗೆ ಎರಡು ಮಾತು. ಎಪಿಕ್ ಸ್ಟೋರಿನಲ್ಲಿ ಪ್ರತಿ ಗುರುವಾರ ನಮ್ಮ ರಾತ್ರಿ ಊಟದ ಹೊತ್ತಿಗೆ ಗೇಮ್ ಪುಕ್ಕಟೆ ಬರುತ್ತೆ. 2020ರ ಮೇನಲ್ಲಿ ಜಿಟಿಎ 5 ಕೊಟ್ಟಾಗ ಜನ ನುಗ್ಗಿ ಸೈಟೇ ಮಲಗಿತ್ತು. ನಾನಾಗ ಹೈಸ್ಕೂಲು, ನನ್ನ ಹತ್ರ ಕಂಪ್ಯೂಟರ್ ಇರಲಿಲ್ಲ, ಆದ್ರೂ ಫೋನಿನಲ್ಲೇ ಅಕೌಂಟ್ ಮಾಡಿ ತಗೊಂಡಿಟ್ಟಿದ್ದೆ. ಪುಕ್ಕಟೆ ಅಂದ್ರೂ ಡೇಟಾ ಪುಕ್ಕಟೆ ಅಲ್ಲ. ಗೇಮು 90 ಜಿಬಿ ಇದ್ರೆ ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ 45 ದಿನ. ಇನ್ನು ಸ್ಟೀಮ್‌ನಲ್ಲಿ ಸೇಲ್ ಇಲ್ಲದ ದಿನ ದೊಡ್ಡ ಗೇಮ್ ಕೊಳ್ಳಬೇಡಿ. ಜೂನ್ ಕೊನೆಗೆ ಒಂದು ಸೇಲ್, ಡಿಸೆಂಬರ್ ಕೊನೆಗೆ ಇನ್ನೊಂದು ಬಂದೇ ಬರುತ್ತೆ. ಹಿಂದೆ ಎಷ್ಟಕ್ಕೆ ಇಳಿದಿತ್ತು ಅನ್ನೋದು ಸ್ಟೀಮ್‌ಡಿಬಿಯಲ್ಲಿ ಇರುತ್ತೆ, ನೋಡಿ ಕಾಯಿರಿ. ಲ್ಯಾಪ್‌ಟಾಪ್ ಎಳೆಯದಿದ್ರೆ ವಾಪಸ್ ಕೊಡಬಹುದು: ಕೊಂಡು 14 ದಿನದ ಒಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇರಬೇಕು.

ಸಬ್‌ಸ್ಕ್ರಿಪ್ಷನ್ ಬಗ್ಗೆ ನನಗೆ ಸ್ವಲ್ಪ ಕೋಪ ಇದೆ, ಅದನ್ನೂ ಹೇಳಿಬಿಡ್ತೀನಿ. ಪಿಎಸ್ ಪ್ಲಸ್ ಇಲ್ಲದೆ ಕೊಂಡ ಗೇಮಿನಲ್ಲೂ ಆನ್‌ಲೈನ್ ಮಲ್ಟಿಪ್ಲೇಯರ್ ಆಡೋಕೆ ಬಿಡಲ್ಲ. ಫೋರ್ಟ್‌ನೈಟ್ ಥರ ಪುಕ್ಕಟೆ ಗೇಮುಗಳಿಗೆ ಮಾತ್ರ ಅದು ಬೇಡ. ತಿಂಗಳು ತಿಂಗಳು ಕೊಡೋ ಗೇಮುಗಳೂ ಚಂದಾ ನಿಲ್ಲಿಸಿದ ದಿನ ಬೀಗ ಬೀಳುತ್ತವೆ. ನಮ್ಮ ಸೆಮಿಸ್ಟರ್ ನೋಡಿ. ಇಂಟರ್ನಲ್ಸ್, ಲ್ಯಾಬ್, ಮತ್ತೆ ಇಂಟರ್ನಲ್ಸ್, ಎಕ್ಸಾಮ್. ಆರು ತಿಂಗಳಲ್ಲಿ ನೆಮ್ಮದಿಯಾಗಿ ಆಡೋದು ಎರಡು ತಿಂಗಳಾದ್ರೆ ಹೆಚ್ಚು. ಡಿಸ್ಕ್ ಕಪಾಟಿನಲ್ಲಿ ಸುಮ್ಮನೆ ಕಾಯುತ್ತೆ, ಚಂದಾ ಕಾಯಲ್ಲ. ಊರಿಗೆ ಹೋದಾಗಲೂ ಮೆಸ್ ಬಿಲ್ ಕಟ್ಟಿದ ಹಾಗೆ. ರಜೆಯಲ್ಲಿ ಬೇಕು ಅನ್ನಿಸಿದ್ರೆ ಒಂದು ತಿಂಗಳಿಗೆ ತಗೊಂಡು ಅವತ್ತೇ ಆಟೋ ರಿನ್ಯೂ ಆಫ್ ಮಾಡಿ, ತಿಂಗಳು ಮುಗಿಯೋವರೆಗೆ ಆಡೋಕೆ ತೊಂದರೆ ಇಲ್ಲ. ನಮ್ಮ ವಿಂಗಿನ ಒಬ್ಬಳು ಟ್ರಯಲ್ ಅಂತ ಯುಪಿಐ ಆಟೋಪೇ ಒಪ್ಪಿದ್ದಳು, ಅದು ಯಾವುದಕ್ಕೆ ಅನ್ನೋದು ಬೇಡ. ಮೂರು ತಿಂಗಳು ಕಟ್ ಆಗಿದ್ದು ಅವಳಪ್ಪ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಗೊತ್ತಾಯ್ತು. ಆರ್‌ಬಿಐ ನಿಯಮದ ಪ್ರಕಾರ ದುಡ್ಡು ಕಟ್ ಆಗೋ 24 ಗಂಟೆ ಮುಂಚೆ ಮೆಸೇಜ್ ಬರಬೇಕು, ಬರುತ್ತೆ ಕೂಡ. ಲೋನ್ ಕೊಡ್ತೀವಿ ಅನ್ನೋ ನಲವತ್ತು ಮೆಸೇಜ್ ನಡುವೆ ಅದನ್ನ ಓದೋರು ಯಾರು? ನಿಮ್ಮ ಯುಪಿಐ ಆ್ಯಪಿನಲ್ಲಿ ಆಟೋಪೇ ಅಂತ ಒಂದು ಪಟ್ಟಿ ಇರುತ್ತೆ, ಇವತ್ತೇ ತೆಗೆದು ನೋಡಿ. ಅಲ್ಲೇ ಕ್ಯಾನ್ಸಲ್ ಮಾಡಬಹುದು.

ಚೀಟಿಯ ನಿಯಮ ಕೆಲಸಕ್ಕೆ ಬಂತು ಅಂದೆನಲ್ಲ. ಮೂರನೇ ಸೆಮ್ ಮುಗಿದ ಮೇಲೆ ಗದಗ ಹುಬ್ಬಳ್ಳಿಯ ಕಾಲೇಜಿಗೆ ಹೊರಟಳು. ಹಾಸ್ಟೆಲ್ ಫೀಸು ಅವಳ ಮನೆಯವರಿಗೆ ಹೊರೆಯಾಗಿತ್ತು, ಅಲ್ಲಾದ್ರೆ ದಿನಾ ಮನೆಯಿಂದ ಓಡಾಡಬಹುದು. ಅವಳಿಗೆ ಎಷ್ಟು ಕೊಡಬೇಕು? ಕೋಲಾರ, ಹಾಕಿದ 3,000 ಪೂರ್ತಿ ಕೊಡೋಣ, ಅವಳಿಗೆ ಈಗ ದುಡ್ಡು ಬೇಕು ಅಂದಳು. ಶಿರಸಿ ಎಕ್ಸೆಲ್ ಶೀಟ್ ಮಾಡಿಕೊಂಡು ಬಂದಳು, ವರ್ಷಕ್ಕೆ ಇಷ್ಟು ಪರ್ಸೆಂಟ್ ಡಿಪ್ರಿಸಿಯೇಷನ್ ತೆಗೆದ್ರೆ 2,400 ಅಂತ. (ಡಿಪ್ರಿಸಿಯೇಷನ್‌ಗೆ ಕನ್ನಡದಲ್ಲಿ ಸವಕಳಿ ಅಂತಾರಂತೆ. ಎಷ್ಟು ಚೆನ್ನಾಗಿದೆ, ಚಪ್ಪಲಿ ಥರ.) ಪುತ್ತೂರು ಮಾತಾಡೋದು ಕಡಿಮೆ, ಅವತ್ತು ಒಂದೇ ಮಾತು ಹೇಳಿದಳು. ಹೋಗೋರಿಗೆಲ್ಲ 3,000 ಅಂತ ಕೊಡ್ತಾ ಹೋದ್ರೆ ಕೊನೆಗೆ ಉಳಿದವಳ ಹತ್ರ ಒಂದು ಮುದಿ ಮಷೀನು ಇರುತ್ತೆ, ಅದಕ್ಕೆ ಅವಳು 18,000 ಕೊಟ್ಟ ಹಾಗಾಗುತ್ತೆ. ಯಾರಿಗೂ ಉತ್ತರ ಇರಲಿಲ್ಲ.

ನನಗೂ ಪೂರ್ತಿ ಕೊಡಬೇಕು ಅಂತಲೇ ಇತ್ತು. ಗದಗ ಒಪ್ಪಲಿಲ್ಲ. “ಬುಕ್ಕಿನ್ಯಾಗ ಏನ್ ಬರದೈತಿ ಅಷ್ಟ ಕೊಡ್ರಿ. ಚೀಟಿ ಅಂದ್ರ ಚೀಟಿ.” ಅಂಗಡಿಯಣ್ಣನಿಗೆ ಫೋನ್ ಹಾಕಿದ್ವಿ. ಮಷೀನಿಗೆ 9,000, ಕೈಯಲ್ಲಿದ್ದ ಎರಡು ಡಿಸ್ಕಿಗೆ 1,500. ಎಸ್‌ಪಿ ರೋಡಿನವರು ಮಾನಿಟರಿಗೆ 1,500 ಅಂದ್ರು. ಒಟ್ಟು 12,000, ಅವಳ ಪಾಲು 2,000. ಐದು ಜನ ತಲಾ 400 ಹಾಕಿ ನೋಟಿನಲ್ಲೇ ಕೊಟ್ವಿ. ಅವಳು ಎಲ್ಲರೆದುರಿಗೂ ಎಣಿಸಿದಳು, “ಬರೋಬ್ಬರಿ ಐತಿ” ಅಂದಳು, ಲಾಂಗ್ ಬುಕ್‌ನಲ್ಲಿ ಸೈನ್ ಮಾಡಿದಳು. ಆಮೇಲೆ ಪೆನ್‌ಡ್ರೈವ್ ತಂದು ವಿಚರ್ 3ರ ತನ್ನ ಸೇವ್ ಫೈಲ್ ಕಾಪಿ ಮಾಡಿಕೊಂಡಳು. ಮನೆಯಲ್ಲಿ ಪಿಎಸ್4 ಇಲ್ಲವಲ್ಲ ಅಂದಿದ್ದಕ್ಕೆ, ಇರಲಿ ಬಿಡ್ರಿ, ಜಾಗ ಏನ್ ತಿಂತೈತಿ ಅಂದಳು.

ಎರಡು ವಾರದಲ್ಲಿ ಫಸ್ಟ್ ಇಯರಿನ ಬೀದರ್ ಆ ಜಾಗಕ್ಕೆ ಬಂದಳು. ಅವಳಿಂದಲೂ 2,000 ತಗೊಂಡ್ವಿ, ಗದಗ ತಗೊಂಡು ಹೋದಷ್ಟೇ. ನಮ್ಮ ನಮ್ಮ 400 ವಾಪಸ್ ಬಂತು. ಮೊನ್ನೆ ಅಂಗಡಿಯಣ್ಣ ಫೋನ್ ಮಾಡಿದ್ದ, ರೆಡ್ ಡೆಡ್ ರಿಡೆಂಪ್ಷನ್ 2 ಬಂದಿದೆ, 1,300 ಕೊಡಮ್ಮಾ ಅಂತ. ಆ ಗೇಮಿನ ಪಿಎಸ್4 ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇರಬೇಕು, ಎರಡೂ ಇದೆಯಾ ನೋಡಿ ಅಂದೆ. ಇದೆಯಂತೆ. ಇಂಟರ್ನಲ್ಸ್ ಮುಗಿದ ಶನಿವಾರ ಬರ್ತೀವಿ, ತೆಗೆದಿಡಿ ಅಂತ ಹೇಳಿದ್ದೀವಿ.