ಕುರೆಕುಪ್ಪದಲ್ಲಿ ಕಾರಿಗೆ ಕಿವಿಗೊಟ್ಟು

ಹೊಸಪೇಟೆ ಬಿಟ್ಟು ಬಳ್ಳಾರಿಯ ದಾರಿ ಹಿಡಿದರೆ ಸುಮಾರು 30 ಕಿಲೋಮೀಟರಿಗೆ ತೋರಣಗಲ್ಲು. ಉಕ್ಕಿನ ಕಾರ್ಖಾನೆಯ ಹೊಗೆಗೂಡುಗಳು ದೂರದಿಂದಲೇ ಕಾಣುತ್ತವೆ. ಅದಕ್ಕೆ ಅಂಟಿಕೊಂಡಂತಿದೆ ಸಂಡೂರು ತಾಲ್ಲೂಕಿನ ಕುರೆಕುಪ್ಪ. 1994ರಲ್ಲಿ ಜಿಂದಾಲ್ ವಿಜಯನಗರ ಉಕ್ಕು ಕಂಪನಿ ಹುಟ್ಟಿದ ಮೇಲೆ ಈ ಭಾಗದ ಚಹರೆಯೇ ಬದಲಾಯಿತು. ಹಳ್ಳಿಯಾಗಿದ್ದ ಕುರೆಕುಪ್ಪ ಈಗ ಪುರಸಭೆಯ ಊರು.

ಇಲ್ಲಿ ಮೌನ ಸುಲಭವಾಗಿ ಸಿಗುವುದಿಲ್ಲ. ಗೂಡ್ಸ್ ರೈಲು, ಲಾರಿ, ಪಾಳಿ ಬದಲಾಗುವ ಹೊತ್ತಿನ ಬೈಕುಗಳು, ಎಲ್ಲಕ್ಕೂ ಹಿನ್ನೆಲೆಯಾಗಿ ಕಾರ್ಖಾನೆಯ ಮೊರೆತ. ಇಂಥ ಊರಿನಲ್ಲಿ ಹಳೆಯ ಕಾರೊಂದರ ಸಣ್ಣ ಸದ್ದನ್ನು ಹುಡುಕುವುದೆಂದರೆ ಸಂತೆಯಲ್ಲಿ ಪಿಸುಮಾತು ಕೇಳಿದ ಹಾಗೆ.

ಕಾರು ಮಾರುತಿ 800. ಹದಿನೈದು ವರ್ಷ ಮುಗಿದು, ತಪಾಸಣೆಯಾಗಿ, ನೋಂದಣಿ ನವೀಕರಣಗೊಂಡ ಗಾಡಿ. ಯಜಮಾನರು ಶಾಲಾ ಮೇಷ್ಟ್ರು. ಮಗಳು ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿನಿ. ಭಾನುವಾರ ಅಜ್ಜಿಯನ್ನು ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ಕರೆದೊಯ್ಯುವ ಮಾತಾಗಿತ್ತು. ಅಷ್ಟರಲ್ಲಿ ಕಾರು ‘ಗೊಂಯ್’ ಎನ್ನತೊಡಗಿತು. ಬೆಟ್ಟದ ದಾರಿ ತಿರುವುಗಳದ್ದು. ಕಾರಿನಲ್ಲಿ ಎಪ್ಪತ್ತು ದಾಟಿದ ಜೀವ ಕೂರುತ್ತದೆ. ‘ಹಳೇ ಗಾಡಿ ಅಲ್ವೇ, ಸದ್ದು ಮಾಡ್ತದೆ ಬಿಡು’ ಎಂದು ಮೇಷ್ಟ್ರು ತಳ್ಳಿಹಾಕಿದರೂ ಮಗಳು ಬಿಡಲಿಲ್ಲ.

ಮೊದಲು ಸಿಕ್ಕಿದ್ದು ಬೇರೆಯೇ ಸದ್ದು. ಹಿಂದಿನ ಸೀಟಿನಡಿ ‘ಟಿಣ್’ ಎನ್ನುತ್ತಿದ್ದದ್ದು ಯಾವುದೋ ಬುತ್ತಿಯ ದಿನ ಜಾರಿಬಿದ್ದ ಸ್ಟೀಲ್ ಚಮಚ! ಮನೆಮಂದಿಯೆಲ್ಲ ನಕ್ಕರು. ‘ಗೊಂಯ್’ ಮಾತ್ರ ಹಾಗೆಯೇ ಉಳಿಯಿತು. ಒಂದು ವರ್ಕ್‌ಶಾಪಿನವರು ಟೈರಿನ ಸದ್ದೆಂದರು, ಇನ್ನೊಬ್ಬರು ಗೇರ್‌ಬಾಕ್ಸ್ ಬಿಚ್ಚಬೇಕೆಂದರು. ಗೇರ್‌ಬಾಕ್ಸ್ ಬಿಚ್ಚುವುದೆಂದರೆ ಮೇಷ್ಟ್ರ ಸಂಬಳಕ್ಕೆ ಕೈಹಾಕಿದಂತೆಯೇ.

ಕೊನೆಗೆ ಸಿಕ್ಕವರು ಕುರೆಕುಪ್ಪದ ಒಬ್ಬ ವಯಸ್ಸಾದ ಮೇಸ್ತ್ರಿ. ಅವರು ಪಾನಾ ಕೈಗೆತ್ತಿಕೊಳ್ಳಲೇ ಇಲ್ಲ. ‘ಇಲ್ಲಿ ಏನೂ ಕೇಳ್ಸಂಗಿಲ್ಲ ಸಾರ್. ನಾಳಿ ನಸುಕಿನ್ಯಾಗ ಬರ್ರಿ’ ಎಂದು ಕಳಿಸಿಬಿಟ್ಟರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಾರನ್ನು ನಿಲ್ಲಿಸಿ ಎಂಜಿನ್ ಚಾಲೂ ಮಾಡಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೈಗೆ ತಾಗಿಸಿ, ಹಿಡಿಯನ್ನು ಕಿವಿಗಿಟ್ಟರು. ತಿರುಗುವ ಬೆಲ್ಟಿನ ಹತ್ತಿರ ಮಗಳು ಬರದಂತೆ ಇನ್ನೊಂದು ಕೈ ಅಡ್ಡ. ಅವರು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ, ಆದರೆ ಮಾಡುತ್ತಿದ್ದುದು ಅಪ್ಪಟ ಭೌತಶಾಸ್ತ್ರ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡಿದರೆ ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು. ಆದರೆ ಇಲ್ಲಿ ಮುಖ್ಯವಾದದ್ದು ವೇಗವಲ್ಲ. ಕಂಪನ ಗಾಳಿಯಲ್ಲಿ ಚದುರಿಹೋಗದೆ ಕಂಬಿಯ ಗುಂಟ ನೇರ ಕಿವಿಗೆ ಬರುತ್ತದೆ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಬಡಿತ ಕೇಳಿದ್ದೇ ಸ್ಟೆತಾಸ್ಕೋಪಿನ ಮೊದಲ ರೂಪ. ಮೇಸ್ತ್ರಿಯದೂ ಅಂಥದೇ ಕೆಲಸ. ಎಂಜಿನ್ ಎಷ್ಟು ಏರಿಸಿದರೂ ‘ಗೊಂಯ್’ ಇಲ್ಲ.

‘ಹಂಗಾರ ಎಂಜಿನ್ ಬಿಟ್ಟಬಿಡ್ರಿ. ನಡೀರಿ, ರೋಡಿಗೆ.’

ಸ್ಟಿಯರಿಂಗ್ ಮೇಸ್ತ್ರಿಯ ಕೈಯಲ್ಲಿ, ಕಿವಿಗಳು ಮಗಳವು. ಸುಮಾರು 40ರ ವೇಗದಲ್ಲಿ ಸದ್ದು ಮೇಲೆದ್ದಿತು, 60ಕ್ಕೆ ದನಿ ಏರಿತು. ಖಾಲಿ, ಸಮತಟ್ಟಾದ ನೇರ ರಸ್ತೆಯಲ್ಲಿ ಒಂದೆರಡು ಗಳಿಗೆ ಗೇರನ್ನು ನ್ಯೂಟ್ರಲ್‌ಗೆ ತಂದರು. (ಇಳಿಜಾರಿನಲ್ಲಿ ಈ ಪರೀಕ್ಷೆ ಮಾಡಲೇಬಾರದು, ಎಂಜಿನ್ನಿನ ಹಿಡಿತವಿಲ್ಲದೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ.) ಎಂಜಿನ್ನಿನ ದನಿ ಇಳಿಯಿತು, ‘ಗೊಂಯ್’ ಇಳಿಯಲಿಲ್ಲ. ಅಂದರೆ ಅದು ಎಂಜಿನ್ನಿನ ಜೊತೆಗಲ್ಲ, ಚಕ್ರಗಳ ಜೊತೆಗೆ ಓಡುತ್ತಿದೆ. ಟೈರಿನದಾಗಿದ್ದರೆ ಡಾಂಬರಿನಿಂದ ಸಿಮೆಂಟ್ ರಸ್ತೆಗೆ ಬಂದಾಗ ದನಿ ಬದಲಾಗಬೇಕಿತ್ತು. ಅದೂ ಆಗಲಿಲ್ಲ.

ಆಮೇಲೆ ರಸ್ತೆ ಬಲಕ್ಕೆ ಬಾಗಿದಾಗ ಸದ್ದು ಜೋರಾಯಿತು, ಎಡಕ್ಕೆ ಬಾಗಿದಾಗ ಅಡಗಿತು. ಮಗಳು ಸೀಟಿನಿಂದ ಮುಂದೆ ಬಗ್ಗಿದಳು. ‘ಅಪ್ಪಾ, ಬಲಕ್ಕೆ ತಿರುಗಿದಾಗ ಭಾರ ಎಡಗಡೆ ಚಕ್ರದ ಮೇಲೆ ಬೀಳುತ್ತೆ. ಸದ್ದು ಎಡಗಡೆಯದು!’

‘ಅದ ನೋಡವ್ವಾ’ ಎಂದರು ಮೇಸ್ತ್ರಿ.

ವಾಪಸು ಬಂದು ಕಾರಿನ ಎಡಮುಂಭಾಗವನ್ನು ಜಾಕಿಯಿಂದ ಎತ್ತಿ, ಅಡಿಗೆ ಸ್ಟ್ಯಾಂಡು ಕೊಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿದರು. ಸಸ್ಪೆನ್ಷನ್ ಸ್ಪ್ರಿಂಗಿನ ಮೇಲೆ ಬೆರಳಿಡಲು ಮಗಳಿಗೆ ಹೇಳಿದರು. ಬೆರಳಿಗೆ ಮರಳು ಅರೆದಂತೆ ಒರಟು ಕಂಪನ. ಪಕ್ಕದ ಚಕ್ರದಲ್ಲಿ ಅದಿಲ್ಲ. ಚಕ್ರದ ಬೇರಿಂಗ್ ಸವೆದಿತ್ತು. ಪ್ರೆಸ್ಸಿನಲ್ಲಿ ಒತ್ತಿ ಹೊರತೆಗೆದ ಬೇರಿಂಗಿನೊಳಗೆ ಗ್ರೀಸ್ ಒಣಗಿ, ಗುಂಡುಗಳು ಓಡುವ ಹಾದಿಯಲ್ಲಿ ಸಣ್ಣ ಕುಳಿಗಳು ಎದ್ದಿದ್ದವು. ಹೀಗೆಯೇ ಓಡಿಸಿದ್ದರೆ ಬೇರಿಂಗ್ ಕಾದು ಕಚ್ಚಿಕೊಳ್ಳಬಹುದಿತ್ತು, ಚಕ್ರ ಅಲುಗಾಡತೊಡಗಬಹುದಿತ್ತು. ಅದೂ ಬೆಟ್ಟದ ತಿರುವಿನಲ್ಲಿ!

ಸವೆದದ್ದು ಯಾಕೆ? ವಯಸ್ಸು ಒಂದು ಕಾರಣ. ಹೊಂಡಗಳ ಹೊಡೆತ, ಹಳತಾದ ಸೀಲಿನ ಸಂದಿಯಲ್ಲಿ ನುಗ್ಗುವ ನೀರು ಮತ್ತು ಧೂಳು ಉಳಿದವು. ಈ ಸೀಮೆಯ ಧೂಳಿನಲ್ಲಿ ಕಬ್ಬಿಣದ ಅದಿರಿದೆ. ಗ್ರೀಸಿನೊಡನೆ ಬೆರೆತರೆ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. 2000ದ ದಶಕದ ಅದಿರು ಭರಾಟೆಯಲ್ಲಿ ಲಾರಿಗಳ ಸಾಲಿಗೆ ಹೊಸಪೇಟೆ–ಸಂಡೂರು–ಬಳ್ಳಾರಿಯ ರಸ್ತೆಗಳು ಹೇಗೆ ನಲುಗಿದವೆಂಬುದನ್ನು ಇಲ್ಲಿನವರು ಮರೆತಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಮಿತಿ ಹಾಕಿ ಮತ್ತೆ ಬಿಟ್ಟಿತು. ಬೇವಿನೆಲೆಯ ಮೇಲಿನ ಕೆಂಪು ಮಾತ್ರ ಪೂರ್ತಿ ಹೋಗಿಲ್ಲ.

ಗೇರ್‌ಬಾಕ್ಸ್ ಬಿಚ್ಚದೆ, ಒಂದು ಬೇರಿಂಗು ಮತ್ತು ಅರ್ಧ ದಿನದ ಕೂಲಿಗೆ ಕೆಲಸ ಮುಗಿಯಿತು. ಸವೆದ ಬೇರಿಂಗನ್ನು ಒರೆಸಿ ಮಗಳು ಕಾಲೇಜಿಗೆಂದು ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಕಾರು ಸಂಡೂರಿನ ಕಣಿವೆ ಹೊಕ್ಕಿತು. ಮಳೆ ಬಿದ್ದು ಬೆಟ್ಟಗಳು ಹಸಿರಾಗಿದ್ದವು. ಪ್ರತಿ ಬಲತಿರುವಿನಲ್ಲೂ ಮಗಳು ರೇಡಿಯೋ ತಗ್ಗಿಸಿ ಕಿವಿಗೊಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಅಜ್ಜಿ ನಿದ್ದೆಹೋಗಿದ್ದರು.