ಬೆಸುಗೆ ಹಾಕಿದ ಮೇಲೂ ತಿದ್ದಬಹುದಾದ ಚಿಪ್



ನಿಮ್ಮ ಮಗಳಿಗೆ ಕೆಲಸ ಸಿಕ್ಕಿದ ಸುದ್ದಿ ಓದಿ ತುಂಬಾ ಸಂತೋಷವಾಯಿತು. ‘ಎಫ್‌ಪಿಜಿಎ ಟೀಮಿನಲ್ಲಿದ್ದೇನೆ, ಪ್ರೋಗ್ರಾಮ್ ಮಾಡುವ ಚಿಪ್ ಅದು ಅಂತಾಳೆ. ಕಂಪ್ಯೂಟರಿನ ಪ್ರೊಸೆಸರಿಗೂ ಪ್ರೋಗ್ರಾಮ್ ಬರೀತಾರಲ್ಲ, ವ್ಯತ್ಯಾಸವೇನು?’ ಎಂದು ಕೇಳಿದ್ದೀರಿ. ಇದನ್ನು ಹೇಳಬೇಕಾದರೆ ಜೈಲಿಂಕ್ಸ್ ಕಂಪನಿಯ ಕಥೆಯನ್ನೂ ಹೇಳಬೇಕು.

ಪ್ರೊಸೆಸರಿನೊಳಗಿನ ಸರ್ಕ್ಯೂಟ್ ಕಾರ್ಖಾನೆಯಲ್ಲೇ ಖಾಯಂ ಆಗಿಬಿಟ್ಟಿರುತ್ತದೆ. ನಾವು ಬದಲಾಯಿಸುವುದು ಅದಕ್ಕೆ ಕೊಡುವ ಆದೇಶಗಳನ್ನು ಮಾತ್ರ. ಎಫ್‌ಪಿಜಿಎಯಲ್ಲಿ ಬದಲಾಗುವುದು ಸರ್ಕ್ಯೂಟೇ. ಹೇಗೆ ಅಂತೀರಾ? ಮನೆಯ ಮೆಟ್ಟಿಲಿನ ದೀಪ ನೋಡಿ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ಎರಡೂ ಆಫ್ ಇದ್ದರೆ ದೀಪವಿಲ್ಲ, ಯಾವುದಾದರೂ ಒಂದನ್ನು ಹಾಕಿದರೆ ಬೆಳಕು, ಎರಡನ್ನೂ ಹಾಕಿದರೆ ಮತ್ತೆ ಕತ್ತಲೆ. ನಾಲ್ಕು ಸ್ಥಿತಿಗೆ ನಾಲ್ಕು ಉತ್ತರ: 0, 1, 1, 0. ಈ ಉತ್ತರಗಳನ್ನು ನಾಲ್ಕು ಮೆಮೊರಿ ಕೋಶಗಳಲ್ಲಿ ಬರೆದಿಟ್ಟು, ಸ್ವಿಚ್‌ಗಳ ಸ್ಥಿತಿಯನ್ನೇ ಕೋಶದ ವಿಳಾಸವಾಗಿ ಕೊಟ್ಟರೆ ಸಾಕು, ಬೇರೆ ಗೇಟ್ ಜೋಡಿಸುವುದೇ ಬೇಡ. ನಾಳೆ ಅಲ್ಲಿ 0, 0, 0, 1 ಎಂದು ತಿದ್ದಿದರೆ ಎರಡು ಸ್ವಿಚ್ಚನ್ನೂ ಹಾಕಿದಾಗ ಮಾತ್ರ ಬೆಳಕು. ತಂತಿ ಮುಟ್ಟಲಿಲ್ಲ, ಆದರೂ ಸರ್ಕ್ಯೂಟ್ ಬೇರೆಯಾಯಿತು! ಇದನ್ನು ಲುಕಪ್ ಟೇಬಲ್ ಎನ್ನುತ್ತಾರೆ. ಮಗಳ ಬಾಯಲ್ಲಿ ‘ಲಟ್’ ಅಂತ ಕೇಳಿರಬಹುದು. ಇಂಥವನ್ನು ಸಾಲುಸಾಲಾಗಿ ಹರಡಿ, ನಡುವಿನ ತಂತಿಗಳ ಜೋಡಣೆಯನ್ನೂ ಮೆಮೊರಿ ಕೋಶಗಳ ಹತೋಟಿಗೆ ಕೊಟ್ಟರೆ ಅದೇ ಎಫ್‌ಪಿಜಿಎ.

ಇದು ರಾಸ್ ಫ್ರೀಮನ್ ಎಂಬ ಎಂಜಿನಿಯರಿಗೆ ಹೊಳೆದ ವಿಚಾರ. ಘಾನಾದಲ್ಲಿ ಗಣಿತದ ಮೇಷ್ಟರಾಗಿಯೂ ಇದ್ದವರು ಅವರು. ಆಗ ಕೆಲಸಕ್ಕಿದ್ದ ಜಿಲಾಗ್ ಕಂಪನಿ ಈ ವಿಚಾರಕ್ಕೆ ಮನಸ್ಸು ಮಾಡಲಿಲ್ಲ. 1984ರಲ್ಲಿ ಬರ್ನಿ ವಾಂಡರ್‌ಶ್ಮಿಟ್ ಮತ್ತು ಜಿಮ್ ಬಾರ್ನೆಟ್ ಜೊತೆಗೂಡಿ ಕ್ಯಾಲಿಫೋರ್ನಿಯಾದಲ್ಲಿ ಜೈಲಿಂಕ್ಸ್ ಕಟ್ಟಿದರು. ಮರುವರ್ಷವೇ ಬಂತು ಅವರ ಚಿಪ್ ಎಕ್ಸ್‌ಸಿ2064: ಲುಕಪ್ ಟೇಬಲ್ ಇರುವ 64 ಲಾಜಿಕ್ ಬ್ಲಾಕ್‌ಗಳು, ಸುಮಾರು 85,000 ಟ್ರಾನ್ಸಿಸ್ಟರ್‌ಗಳು. ಒಂದೊಂದು ಟ್ರಾನ್ಸಿಸ್ಟರನ್ನೂ ಲೆಕ್ಕ ಹಾಕಿ ಬಳಸುತ್ತಿದ್ದ ಆ ಕಾಲದವರಿಗೆ ಇದು ಶುದ್ಧ ದುಂದುವೆಚ್ಚವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಟ್ರಾನ್ಸಿಸ್ಟರ್ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತದೆ, ಎಂಜಿನಿಯರಿನ ಸಮಯ ಅಗ್ಗವಾಗುವುದಿಲ್ಲ ಎನ್ನುವುದು ಫ್ರೀಮನ್ನರ ಲೆಕ್ಕ. ಲೆಕ್ಕ ಸರಿಯಾಗಿತ್ತು. ಅವರಿಗೆ ಪೇಟೆಂಟ್ ಸಿಕ್ಕಿದ್ದು 1989ರಲ್ಲಿ. ಅದೇ ವರ್ಷ ತೀರಿಕೊಂಡರು. ಅಮೆರಿಕದ ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರುವಷ್ಟರಲ್ಲಿ ಇನ್ನೂ ಇಪ್ಪತ್ತು ವರ್ಷ ಕಳೆದಿತ್ತು. ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ವಾಂಡರ್‌ಶ್ಮಿಟ್ಟರದು ಇನ್ನೊಂದು ಜಾಣತನ. ಸ್ವಂತ ಕಾರ್ಖಾನೆ ಕಟ್ಟದೆ ಜಪಾನಿನ ಸೈಕೋದವರಿಂದ ಚಿಪ್ ಮಾಡಿಸಿದರು. ಇವತ್ತು ಹೆಸರಾಂತ ಚಿಪ್ ಕಂಪನಿಗಳಲ್ಲಿ ಎಷ್ಟೋ ನಡೆಯುವುದು ಹೀಗೆಯೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಂಗಳ ಗ್ರಹದ ಸಂಗತಿ. 2021ರ ಫೆಬ್ರುವರಿಯಲ್ಲಿ ಪರ್ಸಿವಿಯರೆನ್ಸ್ ರೋವರ್ ಇಳಿಯುವಾಗ, ಕೆಳಗಿನ ನೆಲದ ಚಿತ್ರವನ್ನು ನಕ್ಷೆಗೆ ಹೋಲಿಸಿ ಎಲ್ಲಿದ್ದೇವೆಂದು ಗುರುತಿಸುವ ಕಂಪ್ಯೂಟರಿನಲ್ಲಿ ಜೈಲಿಂಕ್ಸ್‌ನ ವರ್ಟೆಕ್ಸ್-5 ಇತ್ತು. ಇಳಿದ ಮೇಲೆ ಆ ಕೆಲಸ ಮುಗಿಯಿತು. ಅದೇ ಚಿಪ್ಪಿಗೆ ಬೇರೆ ಸರ್ಕ್ಯೂಟ್ ತುಂಬಿ, ರೋವರ್ ಓಡಾಡುವಾಗ ದಾರಿ ನೋಡುವ ಕೆಲಸಕ್ಕೆ ಹಚ್ಚಿದರು. ಅಷ್ಟು ದೂರದಲ್ಲಿ ಚಿಪ್ ಬದಲಾಯಿಸಲು ಯಾರು ಹೋಗುತ್ತಾರೆ ಹೇಳಿ!

2022ರಲ್ಲಿ ಜೈಲಿಂಕ್ಸ್ ಎಎಂಡಿಯ ಪಾಲಾಯಿತು. ಅದರ ಹಳೆಯ ಎದುರಾಳಿ ಆಲ್ಟೆರಾವನ್ನು ಇಂಟೆಲ್ 2015ರಲ್ಲೇ ಕೊಂಡಿತ್ತು. ಎಎಂಡಿ 2023ರಲ್ಲಿ ನಮ್ಮ ಬೆಂಗಳೂರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದಿದೆ, ಹಾಗಾಗಿ ಮಗಳಿಗೆ ದೂರದೂರಿಗೆ ಹೋಗುವ ಅನಿವಾರ್ಯತೆ ಇಲ್ಲ.

ಅವಳನ್ನು ಒಂದು ಮಾತು ಕೇಳಿ: ಬರೆಯುವುದು ವೆರಿಲಾಗ್‌ನಲ್ಲೋ, ವಿಎಚ್‌ಡಿಎಲ್‌ನಲ್ಲೋ? ಎರಡೂ ಸರ್ಕ್ಯೂಟನ್ನು ಬರೆದು ಹೇಳುವ ಭಾಷೆಗಳು. ರಾತ್ರಿ ತಡವಾಗಿ ಬಂದು ‘ಟೈಮಿಂಗ್ ಮೀಟ್ ಆಗ್ತಿಲ್ಲ’ ಎಂದರೆ ಗಾಬರಿಯಾಗಬೇಡಿ. ಸಿಗ್ನಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಡಿಯಾರದ ಬಡಿತದೊಳಗೆ ತಲುಪುತ್ತಿಲ್ಲ ಎಂದಷ್ಟೇ ಅರ್ಥ. ಊಟ ಬಿಸಿ ಮಾಡಿಕೊಡಿ. ಅವಳು ಏನೆಂದಳೆಂದು ಮರೆಯದೆ ಬರೆಯಿರಿ.

ನಿಮ್ಮ ವಿಶ್ವಾಸಿ